ಧಾರವಾಡದಿಂದ ಅಣಶಿಗೆ ಎರಡು ದಿನ: ಒಂದು ಪ್ರವಾಸ ಸೇವೆಯ ವಿಮರ್ಶೆ

ಹುಬ್ಬಳ್ಳಿ-ಧಾರವಾಡದಲ್ಲಿ ದಾಂಡೇಲಿ ಪ್ರವಾಸ ಮಾಡಿಸುವವರಿಗೆ ಬರವಿಲ್ಲ. ಶನಿವಾರ ಬೆಳಿಗ್ಗೆ ಜುಬಿಲಿ ಸರ್ಕಲ್ಲಿನಲ್ಲಿ ನಿಂತು ನೋಡಿದರೆ ಹಳಿಯಾಳ ರಸ್ತೆ ಹಿಡಿಯುವ ಟಿಟಿ ಗಾಡಿಗಳು ಒಂದರ ಹಿಂದೊಂದು ಕಾಣುತ್ತವೆ. ಅವುಗಳಲ್ಲಿ ಬಹುಪಾಲು ಕಾಳಿ ನದಿಯಲ್ಲಿ ರಬ್ಬರ್ ದೋಣಿ, ಸಂಜೆ ಬೆಂಕಿಯ ಸುತ್ತ ಹಾಡು, ಮರುದಿನ ಊಟದ ಹೊತ್ತಿಗೆ ವಾಪಸು ಎಂಬ ಲೆಕ್ಕದಲ್ಲಿ ಓಡುವಂಥವು. ನಾವು ಹೋದ ಸೇವೆ ತನ್ನನ್ನು ಬೇರೆ ರೀತಿಯಲ್ಲಿ ಪರಿಚಯಿಸಿಕೊಂಡಿತ್ತು. ಕಾಡು ರಾಷ್ಟ್ರೀಯ ಉದ್ಯಾನವಾದ ಕಥೆಯನ್ನು ಆ ಕಾಡಿನವರ ಬಾಯಿಂದಲೇ ಕೇಳಿಸುತ್ತೇವೆ, ದೋಣಿಯಾಟ ನಮ್ಮಲ್ಲಿಲ್ಲ ಎಂದು ಅವರು ಹೇಳಿದ್ದರು. ಇಪ್ಪತ್ತೆಂಟು ವರ್ಷ ಪ್ರೌಢಶಾಲೆಯಲ್ಲಿ ಇತಿಹಾಸ ಕಲಿಸಿ ನಿವೃತ್ತಳಾದ ನನಗೆ ಇಷ್ಟು ಮಾತು ಸಾಕಾಯಿತು. ನಮ್ಮ ಮನೆಯವರು, ಹತ್ತು ವರ್ಷದ ಮೊಮ್ಮಗ ಮತ್ತು ನಾನು ತಲೆಗೆ 4,200 ರೂಪಾಯಿ ಕೊಟ್ಟು ಹೆಸರು ಬರೆಸಿದೆವು. ಸಫಾರಿಯ ಟಿಕೆಟ್ ಇದರಲ್ಲಿ ಸೇರಿರಲಿಲ್ಲ.

ಸೇವೆಯವರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಹೇಳಬೇಕಾದ ದೂರುಗಳಿವೆ, ಅವರದು ಇಬ್ಬರೇ ನಡೆಸುವ ಸಣ್ಣ ವ್ಯವಹಾರ, ತಿದ್ದಿಕೊಳ್ಳುವ ಮನಸ್ಸೂ ಅವರಲ್ಲಿ ಕಂಡಿತು. ಇಂಥ ಪ್ರವಾಸದಲ್ಲಿ ಏನು ಕೇಳಿ ಪಡೆಯಬೇಕು ಎಂಬುದು ಓದುವವರಿಗೆ ತಿಳಿದರೆ ಸಾಕು.

ಮೊದಲ ದೂರು ಹೊರಡುವ ಹೊತ್ತಿನದು. ಆರು ಗಂಟೆಗೆ ಬರಬೇಕಾದ ಗಾಡಿ ಹುಬ್ಬಳ್ಳಿಯಿಂದ ಬಂದಾಗ ಆರೂ ಐವತ್ತಾಗಿತ್ತು. ಎರಡನೆಯದು ಹಾಡಿನದು. ಇತಿಹಾಸ ಹೇಳುತ್ತೇವೆಂದವರ ಗಾಡಿಯಲ್ಲಿ ಹಳಿಯಾಳ ಮುಟ್ಟುವವರೆಗೂ ಸಿನಿಮಾ ಹಾಡು ಕಿವಿಗಡಚಿಕ್ಕುವಂತೆ ಬಡಿಯುತ್ತಿತ್ತು. ಧ್ವನಿ ತಗ್ಗಿಸಲು ಹೇಳಿದಾಗ ಚಾಲಕ, "ಹುಡುಗೂರು ಕೇಳ್ತಾರ್ರೀ" ಎಂದ. ಗಾಡಿಯಲ್ಲಿದ್ದ ಹನ್ನೊಂದು ಜನರಲ್ಲಿ ಹುಡುಗನೆಂದರೆ ನನ್ನ ಮೊಮ್ಮಗನೊಬ್ಬನೇ, ಅವನೋ ಕಿಟಕಿಗೆ ತಲೆ ಆನಿಸಿ ನಿದ್ದೆ ಹೋಗಿದ್ದ.

ಹಳಿಯಾಳದಲ್ಲಿ ಉಪ್ಪಿಟ್ಟು, ಚಹಾ ಮುಗಿಸುವಾಗ ಎಲ್ಲರ ಕೈಗೂ ನಾಲ್ಕು ಪುಟದ, ಬಣ್ಣದಲ್ಲಿ ಅಚ್ಚಾದ ಒಂದು ಮಾಹಿತಿ ಪತ್ರ ಬಂತು. ಚಿತ್ರಗಳು ಚೆನ್ನಾಗಿದ್ದವು. ಬರಹ ಓದುತ್ತ ಹೋದಂತೆ ನನ್ನ ಕೈ ತಾನಾಗಿಯೇ ಚೀಲದಲ್ಲಿ ಕೆಂಪು ಪೆನ್ನು ಹುಡುಕತೊಡಗಿತು. ಅಣಶಿ 1956ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು, ಅದನ್ನು ಮೈಸೂರು ಸರ್ಕಾರ ಘೋಷಿಸಿತು, ಅದರ ವಿಸ್ತಾರ 815 ಚದರ ಕಿಲೋಮೀಟರ್ ಎಂದೆಲ್ಲ ಅದರಲ್ಲಿತ್ತು. ಮೂರೂ ತಪ್ಪು. 1956ರ ಮೇ 10ರಂದು ಘೋಷಣೆಯಾದದ್ದು ದಾಂಡೇಲಿ ವನ್ಯಜೀವಿ ಧಾಮ. ಆ ದಿನ ಉತ್ತರ ಕನ್ನಡವೂ ನಮ್ಮ ಧಾರವಾಡವೂ ಇನ್ನೂ ಮುಂಬಯಿ ರಾಜ್ಯದಲ್ಲಿದ್ದವು, ಮೈಸೂರಿಗೆ ಸೇರಿದ್ದು ನವೆಂಬರ್ 1ರಂದು. ಆ ಧಾಮದಿಂದ ಒಂದು ಭಾಗವನ್ನು ಬೇರ್ಪಡಿಸಿ ಅಣಶಿ ರಾಷ್ಟ್ರೀಯ ಉದ್ಯಾನ ಮಾಡಿದ್ದು 1987ರ ಸೆಪ್ಟೆಂಬರ್‌ನಲ್ಲಿ. ಆಗ ಅದರ ವಿಸ್ತಾರ 250 ಚದರ ಕಿಲೋಮೀಟರ್. 2002ರಲ್ಲಿ ಇನ್ನೂ 90 ಸೇರಿ 340 ಆಯಿತು. ಹಲವು ಸಲ ಗಡಿ ಬದಲಾದ ದಾಂಡೇಲಿ ಧಾಮ ಈಗ ಸುಮಾರು 475 ಚದರ ಕಿಲೋಮೀಟರ್. ಎರಡನ್ನೂ ಕೂಡಿಸಿದರೆ ಪತ್ರದಲ್ಲಿದ್ದ 815 ಬರುತ್ತದೆ. ಅದು 2007ರಲ್ಲಿ ದಾಂಡೇಲಿ-ಅಣಶಿ ಎಂದು ಆರಂಭವಾಗಿ 2015ರಲ್ಲಿ ಕಾಳಿ ಎಂದು ಹೆಸರು ಬದಲಿಸಿಕೊಂಡ ಹುಲಿ ಸಂರಕ್ಷಿತ ಪ್ರದೇಶದ ಒಳಭಾಗದ ಲೆಕ್ಕ.

ಇಸವಿ ತಪ್ಪಿದ್ದನ್ನು ಕ್ಷಮಿಸಬಹುದು. ಕ್ಷಮಿಸಲಾಗದೆ ಹೋದದ್ದು ಮೊದಲ ಪುಟದ ಮೇಲೆ ದಪ್ಪಕ್ಷರದಲ್ಲಿದ್ದ "ಮನುಷ್ಯ ಕಾಲಿಡದ ಕಾಡಿಗೆ ಸ್ವಾಗತ" ಎಂಬ ಸಾಲು.

ಮಾಳಮಡ್ಡಿಯಲ್ಲಿರುವ ನಮ್ಮ ಮನೆಯನ್ನು ಮಾವನವರು 1930ರ ದಶಕದಲ್ಲಿ ಕಟ್ಟಿಸಿದರು. ಹಿತ್ತಲ ಗೋಡೆಯಿಂದ ಒಂದು ಗೇಣು ಹೊರಗೆ ಚಾಚಿದ ಸಾಗವಾನಿ ತೊಲೆಯೊಂದರ ತುದಿಯಲ್ಲಿ ರೂಪಾಯಿ ನಾಣ್ಯದಷ್ಟು ಅಗಲದ ಒಂದು ಒತ್ತುಗುರುತು ಇದೆ; ಮೇಲೆ ಎಷ್ಟು ಸಲ ಎಣ್ಣೆ ಬಳಿದರೂ ಬೆರಳಿಗೆ ತಾಗುತ್ತದೆ. ಅರಣ್ಯ ಇಲಾಖೆಯವರು ಕಡಿದ ದಿಮ್ಮಿಗೆ ಹೊಡೆಯುವ ಸುತ್ತಿಗೆಯ ಮುದ್ರೆ ಅದು. ಅದಿಲ್ಲದ ದಿಮ್ಮಿ ಕಳ್ಳಮಾಲು. ಮಾವನವರು ಅದನ್ನು ತೋರಿಸಿ, ಈ ತೊಲೆ ದಾಂಡೇಲಿಯಿಂದ ಅಳ್ನಾವರಕ್ಕೆ ರೈಲಿನಲ್ಲಿ, ಅಳ್ನಾವರದಿಂದ ಮನೆಗೆ ಚಕ್ಕಡಿಯಲ್ಲಿ ಬಂದದ್ದೆಂದು ಹೇಳುತ್ತಿದ್ದರು. ಧಾರವಾಡದ ಹಳೆಯ ಮನೆಗಳ ಜಂತಿ, ಬಾಗಿಲು, ತೊಟ್ಟಿಲುಗಳಲ್ಲಿ ಅರ್ಧ ದಾಂಡೇಲಿ ನಿಂತಿರುವಾಗ ಆ ಕಾಡಿನಲ್ಲಿ ಮನುಷ್ಯ ಕಾಲಿಟ್ಟಿಲ್ಲ ಎಂದು ಅಚ್ಚು ಹಾಕಿಸುವುದಕ್ಕೆ ಎಷ್ಟು ಧೈರ್ಯ ಬೇಕು!

ಆದರೆ ಈ ಸೇವೆಗೆ ಕೊಟ್ಟ ಹಣ ವ್ಯರ್ಥವಾಗಲಿಲ್ಲ ಎಂದು ಹೇಳಬೇಕಾದ ಕಾರಣವೂ ಹಳಿಯಾಳದಲ್ಲೇ ಗಾಡಿ ಹತ್ತಿತು. ಜೋಯಿಡಾ ಕಡೆಯ ಕುಣಬಿ ಸಮುದಾಯದ, ಐವತ್ತರ ಆಸುಪಾಸಿನ ಮಾರ್ಗದರ್ಶಕರು ಅವರು. ಹತ್ತಿದವರೇ ಹಾಡು ನಿಲ್ಲಿಸಿದರು. ನಾನು ಪತ್ರದ ಆ ಸಾಲಿನ ಮೇಲೆ ಬೆರಳಿಟ್ಟು ಕೇಳಿದಾಗ ನಕ್ಕು, "ಅಕ್ಕಾರ, ಅದು ಮಾಲಕರು ಬರಿಸಿದ್ರಿ. ನಮ್ಮ ಅಜ್ಜ ಕೂಪಿನ್ಯಾಗ ಕೆಲಸಾ ಮಾಡಿದಾಂವ. ಈ ಅಡವ್ಯಾಗ ಮನುಷ್ಯಾರು ತುಳೀಲಾರದ ಜಾಗಾ ನಾ ಅಂತೂ ಒಂದೂ ಕಂಡಿಲ್ಲ" ಎಂದರು. ಮರ ಕಡಿಯಲು ಇಲಾಖೆ ಗುರುತು ಮಾಡಿ ಕೊಡುವ ಕಾಡಿನ ತುಂಡಿಗೆ ಕೂಪು ಎನ್ನುತ್ತಾರೆ. ಆ ಶಬ್ದವನ್ನು ನಾನು ಕೇಳಿ ನಲವತ್ತು ವರ್ಷವಾಗಿತ್ತು.

ಹಳಿಯಾಳದಿಂದ ದಾಂಡೇಲಿಗೆ ಇಪ್ಪತ್ತು ಕಿಲೋಮೀಟರಿಗಿಂತ ತುಸು ಹೆಚ್ಚು. ಅಷ್ಟು ದಾರಿಯಲ್ಲಿ ಅವರು ಹೇಳಿದ್ದರಲ್ಲಿ ಮುಖ್ಯವಾದದ್ದು ಕುಮರಿಯ ಸಂಗತಿ. ಕಾಡಿನ ಒಂದು ತುಂಡು ಸವರಿ, ಸುಟ್ಟು, ಬೂದಿಯಲ್ಲಿ ರಾಗಿ ಬಿತ್ತಿ, ಒಂದೆರಡು ಬೆಳೆ ತೆಗೆದು ಮುಂದಿನ ತುಂಡಿಗೆ ಹೋಗುವುದು, ಬಿಟ್ಟ ನೆಲ ವರ್ಷಗಟ್ಟಲೆ ಮತ್ತೆ ಕಾಡಾಗುವುದು ಅವರ ಹಿರಿಯರ ಬೇಸಾಯ. ಇಂಗ್ಲಿಷರಿಗೆ ಇದು ಸಾಗವಾನಿಯನ್ನು ಸುಡುವ ಪದ್ಧತಿಯಾಗಿ ಕಂಡಿತು. ಹಿಂದೆ ಮೈಸೂರು ಸೀಮೆಯ ನಗರ ವಿಭಾಗದಲ್ಲಿ ವೈದ್ಯನಾಗಿದ್ದು, 1856ರಲ್ಲಿ ಮದ್ರಾಸ್ ಪ್ರಾಂತದ ಅರಣ್ಯ ಸಂರಕ್ಷಕನಾದ ಹ್ಯೂ ಕ್ಲೆಘಾರ್ನ್ ಕುಮರಿಯ ಕಟ್ಟಾ ವಿರೋಧಿ. ಆಗ ಕೆನರಾ ಜಿಲ್ಲೆ ಮದ್ರಾಸಿಗೆ ಸೇರಿತ್ತಾದ್ದರಿಂದ ಅವನ ಮಾತು ಇಲ್ಲಿಯೂ ನಡೆಯಿತು; ಕುಮರಿಗೆ ನಿರ್ಬಂಧದ ಮೇಲೆ ನಿರ್ಬಂಧ ಬಂದವು. ಹಡಗಿಗೂ ರೈಲಿಗೂ ಮರ ಬೇಕಿತ್ತು, ರಾಗಿ ಬೇಕಿರಲಿಲ್ಲ.

ಇಲ್ಲಿ ನಾನು ಬಾಯಿ ಹಾಕಿ ಸೇರಿಸಿದ ಒಂದು ಮಾತನ್ನು ಮಾರ್ಗದರ್ಶಕರು ತಮ್ಮ ಚಿಕ್ಕ ವಹಿಯಲ್ಲಿ ಬರೆದುಕೊಂಡರು. ಉತ್ತರ ಕನ್ನಡ 1862ರಲ್ಲಿ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಹೋದದ್ದು ಧಾರವಾಡದ ಹತ್ತಿಯ ದೆಸೆಯಿಂದ. ಅಮೆರಿಕದ ಅಂತರ್ಯುದ್ಧದಿಂದ ಅಲ್ಲಿನ ಹತ್ತಿ ಇಂಗ್ಲೆಂಡಿಗೆ ಬರುವುದು ನಿಂತಾಗ ನಮ್ಮ ಸೀಮೆಯ ಹತ್ತಿಗೆ ಬೆಲೆ ಬಂತು, ಅದನ್ನು ಸಾಗಿಸಲು ಕಾರವಾರದ ಬಂದರು ಬೇಕಾಯಿತು, ಬಂದರು ಒಂದು ಪ್ರಾಂತದ್ದು ಹತ್ತಿ ಇನ್ನೊಂದರದ್ದು ಆದರೆ ಕೆಲಸ ಸಾಗದೆಂದು ಮುಂಬಯಿಯ ವ್ಯಾಪಾರಿಗಳು ಪಟ್ಟು ಹಿಡಿದರು. ಹೀಗೆ ಹತ್ತಿಯ ಬೆನ್ನಿಗೆ ಕಾಡೂ ಮುಂಬಯಿಗೆ ಹೋಯಿತು. ಹತ್ತಿಯಿಂದ ಮನೆ ಕಟ್ಟುವಷ್ಟು ಗಳಿಸಿದ ನಮ್ಮೂರಿನವರು ಆ ಮನೆಗೆ ಹಾಕಿದ ತೊಲೆಯೂ ಅದೇ ಕಾಡಿನದು.

ದಾಂಡೇಲಿಯಲ್ಲಿ ನಮ್ಮನ್ನು ಕಟ್ಟಿಗೆ ಡಿಪೊಕ್ಕೆ ಕರೆದೊಯ್ದದ್ದು ಈ ಸೇವೆಯ ಅತ್ಯುತ್ತಮ ಭಾಗ. ಬೇರೆ ಯಾವ ಪ್ರವಾಸದವರೂ ಇಲ್ಲಿ ಗಾಡಿ ನಿಲ್ಲಿಸಿದ್ದು ನಾನು ಕೇಳಿಲ್ಲ. ಮೊದಲೇ ಅನುಮತಿ ಕೇಳಿದ್ದರಿಂದ ಒಳಗೆ ಅರ್ಧ ತಾಸು ನಿಲ್ಲಲು ಬಿಟ್ಟರು. ಹರಾಜಿಗೆ ಸಾಲಾಗಿ ಹಾಕಿದ ಸಾಗವಾನಿ ದಿಮ್ಮಿಗಳ ಕೊಯ್ದ ಮುಖದ ಮೇಲೆ ಬಣ್ಣದ ಅಂಕಿ, ಅದರ ಪಕ್ಕದಲ್ಲಿ ಸುತ್ತಿಗೆಯ ಮುದ್ರೆ. ಮೊಮ್ಮಗ ಒಂದರ ಮೇಲೆ ಬೆರಳಿಟ್ಟು, "ಅಜ್ಜಿ, ನಮ್ಮ ಹಿತ್ತಲದಾಗ ಇದ್ದಂಥಾದ್ದ!" ಎಂದ. ಹಸಿ ಸಾಗವಾನಿಗೆ ಹಳೆಯ ತೊಗಲಿನ ಚೀಲದಂಥ ಒಂದು ವಾಸನೆ ಇರುತ್ತದೆ. ಬಿಸಿಲೇರಿದ ಡಿಪೊದಲ್ಲಿ ಅದು ಗಾಳಿಯಲ್ಲೆಲ್ಲ ತುಂಬಿಕೊಂಡಿತ್ತು. ಸಂರಕ್ಷಿತ ಪ್ರದೇಶದ ಒಳಗೆ ಈಗ ಕಡಿತವಿಲ್ಲ, ಇವು ಹೊರಗಿನ ನೆಡುತೋಪುಗಳ ಮರಗಳು ಎಂದು ಮಾರ್ಗದರ್ಶಕರು ವಿವರಿಸಿದರು. ಅಳ್ನಾವರದಿಂದ ದಾಂಡೇಲಿಗೆ ಕಟ್ಟಿಗೆಗಾಗಿಯೇ ಹಾಕಿದ್ದ ರೈಲು ಹಾದಿಯ ಸುದ್ದಿಯೂ ಬಂತು. ಬಹುಕಾಲ ನಿಂತಿದ್ದ ಪ್ರಯಾಣಿಕರ ಗಾಡಿ ಅಲ್ಲಿ 2019ರಲ್ಲಿ ಮತ್ತೆ ಓಡಿತ್ತು.

ಡಿಪೊದ ನೆರಳಿನಲ್ಲಿ ನಿಂತು ಅವರು ಹೇಳಿದ ಬಿದಿರಿನ ಸಂಗತಿಯನ್ನು ನಾನು ತರಗತಿಯಲ್ಲಿ ಹೇಳಬೇಕಿತ್ತು, ಹೇಳಿರಲಿಲ್ಲ. ದಾಂಡೇಲಿಯ ಕಾಗದ ಕಾರ್ಖಾನೆ 1950ರ ದಶಕದ ಕೊನೆಗೆ ಉತ್ಪಾದನೆ ಆರಂಭಿಸಿದಾಗ ಈ ಕಾಡಿನ ಬಿದಿರು ಎಂದೂ ಮುಗಿಯದ್ದು ಎಂಬ ನಂಬಿಕೆ ಎಲ್ಲರಲ್ಲಿ ಇತ್ತು. ಎರಡು ದಶಕ ಕಳೆಯುವುದರೊಳಗೆ ಬುಟ್ಟಿ ಹೆಣೆಯುವವರು ಬಿದಿರಿಲ್ಲವೆಂದು ದೂರತೊಡಗಿದರು. 1970ರ ದಶಕದಲ್ಲಿ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರು ಉತ್ತರ ಕನ್ನಡದಲ್ಲಿ ಇದನ್ನು ಅಭ್ಯಾಸ ಮಾಡಿದಾಗ ಕಂಡದ್ದು ಒಂದು ಸಣ್ಣ ಕ್ರಮದ ದೊಡ್ಡ ಪರಿಣಾಮ. ಬಿದಿರು ಮೆಳೆಯ ಬುಡದಲ್ಲಿ ಮುಳ್ಳುಕಡ್ಡಿಗಳ ದಟ್ಟ ಹೊದಿಕೆ ಇರುತ್ತದೆ. ಕಡಿಯಲು ಸುಲಭವಾಗಲೆಂದು, ಮೆಳೆಗೆ ಗಾಳಿಯಾಡಿ ಒಳ್ಳೆಯದಾಗುತ್ತದೆಂದೂ ತಿಳಿದು ಕಾರ್ಖಾನೆಯ ಕೆಲಸಗಾರರು ಅದನ್ನು ಸವರುತ್ತಿದ್ದರು. ಮುಳ್ಳು ಹೋದದ್ದೇ ತಡ, ಆಗತಾನೆ ನೆಲ ಸೀಳಿ ಬರುವ ಎಳೆ ಕಳಲೆ ದನಕ್ಕೂ ಮುಳ್ಳುಹಂದಿಗೂ ಮುಸುವಕ್ಕೂ ಮೇವಾಯಿತು. ಮುಳ್ಳು ತೆಗೆಯಬಾರದೆಂದು ಹಳ್ಳಿಯವರಿಗೆ ಗೊತ್ತಿತ್ತು. "ನಮ್ಮವ್ವ ಕಳಲಿ ಮುರೀಲಿಕ್ಕೆ ಹೋದ್ರ ಮುಳ್ಳು ಹಿಂದಕ್ಕ ಸರಸಿ, ಮುರದು, ಮತ್ತ ಅಲ್ಲೇ ಮುಚ್ಚಿ ಬರ್ತಿದ್ಲು" ಎಂದು ಮಾರ್ಗದರ್ಶಕರು ಎರಡೂ ಕೈಯಿಂದ ಮುಚ್ಚಿ ತೋರಿಸಿದರು. ಹಣ ಕೊಟ್ಟು ಪಡೆಯಬೇಕಾದ ಇತಿಹಾಸ ಇಂಥದು. ನಾಲ್ಕು ಪುಟದ ಬಣ್ಣದ ಪತ್ರದಲ್ಲಿ ಇದರ ಒಂದು ಸಾಲೂ ಇಲ್ಲ.

ಮಧ್ಯಾಹ್ನಕ್ಕೆ ಸೇವೆಯವರೇ ಧಾರವಾಡದಿಂದ ಕಟ್ಟಿಸಿಕೊಂಡು ಬಂದಿದ್ದ ಬುತ್ತಿ: ಕಟಕ ರೊಟ್ಟಿ, ಬದನೆಕಾಯಿ ಎಣಗಾಯಿ, ಶೇಂಗಾ ಚಟ್ನಿ, ಮೊಸರು. ಕುಂದು ಹೇಳುವಂತಿರಲಿಲ್ಲ.

ಕುಂದು ಬಂದದ್ದು ಸಫಾರಿಯಲ್ಲಿ. ಫಣಸೋಲಿಯಿಂದ ಸಂಜೆ ಹೊರಡುವ ಜೀಪುಗಳಲ್ಲಿ ಹನ್ನೊಂದು ಜನರಿಗೂ ಜಾಗ ಕಾದಿರಿಸಿದ್ದೇವೆಂದು ಸೇವೆಯವರು ಹೇಳಿದ್ದರು. ಬಂದು ನೋಡಿದರೆ ಏಳು ಜನರಿಗಷ್ಟೇ ಇತ್ತು. ಉಳಿದ ನಾಲ್ವರಲ್ಲಿ ನಮ್ಮ ಮನೆಯವರೂ ಸೇರಿ ಮರುದಿನ ಬೆಳಿಗ್ಗೆಯ ಸರದಿಗೆ ಹೋಗಬೇಕಾಯಿತು, ಅದರಿಂದಾಗಿ ಎರಡನೆಯ ದಿನದ ವೇಳಾಪಟ್ಟಿ ಎರಡು ತಾಸು ಹಿಂದೆ ಬಿತ್ತು. ಇದು ಪೂರ್ತಿ ಪ್ರವಾಸ ಸೇವೆಯವರ ಅಜಾಗರೂಕತೆ. ಹೋಗುವವರು ಟಿಕೆಟಿನ ಪ್ರತಿಯನ್ನು ಧಾರವಾಡ ಬಿಡುವ ಮೊದಲೇ ಕೇಳಿ ನೋಡಿಕೊಳ್ಳಬೇಕು.

ಹುಲಿ ಕಾಣಲಿಲ್ಲ. ದಟ್ಟವಾದ ಈ ಕಾಡಿನಲ್ಲಿ, ಬಂಡೀಪುರದ ಬಯಲಿನಲ್ಲಿ ಕಂಡಂತೆ ಹುಲಿ ಕಾಣುವುದಿಲ್ಲವೆಂದು ಮೊದಲೇ ಹೇಳಿಬಿಡುವ ಪ್ರಾಮಾಣಿಕತೆಯನ್ನು ಮಾರ್ಗದರ್ಶಕರು ತೋರಿದರು. ಪತ್ರದಲ್ಲಿ ಮಾತ್ರ ಕರಿ ಚಿರತೆಯ ಚಿತ್ರ ಅರ್ಧ ಪುಟ ತುಂಬಿತ್ತು. ಕರಿ ಚಿರತೆ ಬೇರೆ ಜಾತಿಯಲ್ಲ, ಮೈಬಣ್ಣ ಕಪ್ಪಾಗಿ ಹುಟ್ಟಿದ ಚಿರತೆಯೇ ಎಂದು ತಿಳಿದು ಮೊಮ್ಮಗನಿಗೆ ಅರ್ಧ ನಿರಾಸೆಯಾಯಿತು. ಉಳಿದರ್ಧವನ್ನು ಹದಿನಾಲ್ಕು ಕಾಡುಕೋಣಗಳ ಹಿಂಡು, ತಲೆಯ ಮೇಲೆ ಹಾದು ಹೋದ ಮಂಗಟ್ಟೆ ಜೋಡಿಯ ರೆಕ್ಕೆಯ ಭರಭರ ಸದ್ದು, ಕೊಂಬೆಯಿಂದ ಕೊಂಬೆಗೆ ಜಿಗಿದ ಕೆಂದಳಿಲು ತೀರಿಸಿದವು.

ನನಗೆ ಆ ಸಫಾರಿಯಲ್ಲಿ ಕಂಡ ದೊಡ್ಡ ಸಂಗತಿ ಪ್ರಾಣಿಯಲ್ಲ. ಒಂದು ತಿರುವಿನಲ್ಲಿ ಜೀಪು ನಿಂತಾಗ ಎಡಗಡೆಯ ಸಾಗವಾನಿಗಳು ಒಮ್ಮೆಲೇ ಸಾಲುಗಟ್ಟಿದವು. ನೋಡುವ ಕೋನ ತುಸು ಬದಲಾಗುತ್ತಲೇ ಆ ಸಾಲು ಮಾಯವಾಗಿ ಓರೆಯಲ್ಲಿ ಇನ್ನೊಂದು ಸಾಲು ಮೂಡಿತು, ಶಾಲೆಯ ಮೈದಾನದಲ್ಲಿ ಕವಾಯತಿಗೆ ನಿಲ್ಲಿಸಿದ ಮಕ್ಕಳ ಹಾಗೆ. ತಾನಾಗಿ ಹುಟ್ಟಿದ ಕಾಡು ಹೀಗೆ ಅಳತೆ ಹಿಡಿದು ನಿಲ್ಲುವುದಿಲ್ಲ. ಯಾರೋ ಗುಂಡಿ ತೋಡಿದ್ದಾರೆ, ಯಾರೋ ಸಸಿ ಹೊತ್ತಿದ್ದಾರೆ, ಕೂಲಿಯ ಲೆಕ್ಕ ಬರೆದಿದ್ದಾರೆ. ಮರಗಳ ನಡುವೆ ಈಗ ಬೇರೆ ಗಿಡಬಳ್ಳಿ ನುಗ್ಗಿ ಸಾಲನ್ನು ಮುಚ್ಚತೊಡಗಿವೆ, ಕಾಡುಕೋಣ ಅಲ್ಲೇ ಮೇಯುತ್ತದೆ.

ಆ ರಾತ್ರಿ ಉಳಿದದ್ದು ಜೋಯಿಡಾ ರಸ್ತೆಯ ಒಂದು ಮನೆವಾಸದಲ್ಲಿ. ಸೊಳ್ಳೆಪರದೆ ಹರಿದಿತ್ತು, ಸ್ನಾನದ ನೀರು ಹಂಡೆಯಲ್ಲಿ ಚೆನ್ನಾಗಿ ಕಾದಿತ್ತು. ಕೆಂಪಕ್ಕಿ ಅನ್ನ, ಮುರುಗಲ ಸಾರು, ಕಾಡು ಗೆಡ್ಡೆಯ ಪಲ್ಲೆ ಬಡಿಸಿದರು. ಗೆಡ್ಡೆಗೆಣಸಿನ ವಿಷಯದಲ್ಲಿ ಜೋಯಿಡಾದ ಕುಣಬಿಗಳಿಗೆ ಸಾಟಿಯಿಲ್ಲ. ಊಟದ ಹೊತ್ತಿಗೆ ನಮ್ಮ ಗುಂಪಿನಲ್ಲಿದ್ದ ಗದಗಿನ ದಂಪತಿಗಳಲ್ಲಿ ಯಜಮಾನರು, "ಹಂಗಾರ ನಮ್ಮ ಕಪ್ಪತಗುಡ್ಡನೂ ನ್ಯಾಷನಲ್ ಪಾರ್ಕೇನ್ರಿ?" ಎಂದು ಕೇಳಿದರು. ಒಳ್ಳೆಯ ಪ್ರಶ್ನೆ. ಕಪ್ಪತಗುಡ್ಡ 2019ರಲ್ಲಿ ಆದದ್ದು ವನ್ಯಜೀವಿ ಧಾಮ. ಅದಕ್ಕೂ ಮುಂಚೆ 2015ರಲ್ಲಿ ಅದು ಸಂರಕ್ಷಣಾ ಮೀಸಲಾಗಿ, ಮರುವರ್ಷ ಆ ಆದೇಶ ರದ್ದಾಗಿ, 2017ರಲ್ಲಿ ಗದಗಿನ ತೋಂಟದ ಸಿದ್ಧಲಿಂಗ ಸ್ವಾಮಿಗಳ ಮುಂದಾಳತ್ವದಲ್ಲಿ ಜನ ಧರಣಿ ಕೂತ ಮೇಲೆ ಮತ್ತೆ ಬಂದದ್ದು ಗದಗಿನವರಿಗೆ ನೆನಪಿರಬೇಕು. ಧಾಮಕ್ಕೂ ರಾಷ್ಟ್ರೀಯ ಉದ್ಯಾನಕ್ಕೂ ಇರುವ ವ್ಯತ್ಯಾಸವನ್ನು ಮಾರ್ಗದರ್ಶಕರು ತಟ್ಟೆಯಲ್ಲಿದ್ದ ಅನ್ನವನ್ನು ಎರಡು ಪಾಲು ಮಾಡಿ ತೋರಿಸಿದ್ದು ನನಗೆ ಬಹಳ ಹಿಡಿಸಿತು. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಧಾಮದಲ್ಲಿ ಜನರ ಕೆಲವು ಹಕ್ಕುಗಳು ಅನುಮತಿಯ ಮೇಲೆ ಉಳಿಯಬಹುದು, ದನ ಮೇಯಲು ಬಿಡಬಹುದು. ರಾಷ್ಟ್ರೀಯ ಉದ್ಯಾನದಲ್ಲಿ ಅದೂ ಇಲ್ಲ. "ಈ ಕಡಿ ದನಾ ಮೇಯಬಹುದು, ಆ ಕಡಿ ಮೇಯಾಂಗಿಲ್ಲ. ನಡುವ ಬೇಲಿ ಇಲ್ಲ. ದನಕ್ಕ ಓದಾಕ ಬರೂದಿಲ್ಲ" ಎಂದರು ಅವರು. ಗದಗಿನವರು ನಗುತ್ತ ಮಜ್ಜಿಗೆ ಕುಡಿದರು.

ಎರಡನೆಯ ದಿನ, ತಡವಾಗಿಯೇ, ಗಣೇಶಗುಡಿಯಲ್ಲಿ ಸೂಪಾ ಅಣೆಕಟ್ಟನ್ನು ದೂರದಿಂದ ಕಂಡು ಹಿನ್ನೀರಿನ ಅಂಚಿಗೆ ಹೋದೆವು. 101 ಮೀಟರ್ ಎತ್ತರದ, ಸುಮಾರು 145 ಟಿಎಂಸಿ ನೀರು ಹಿಡಿಯುವ ಈ ಅಣೆಕಟ್ಟು ಕಾಳಿಗೆ ಪಾಂಡರಿ ನದಿ ಕೂಡುವಲ್ಲಿದ್ದ ಸೂಪಾ ಊರನ್ನು ನುಂಗಿತು. ಅದು ತಾಲ್ಲೂಕಿನ ಊರು. ಕಚೇರಿ, ಸಂತೆ, ಗುಡಿ ಎಲ್ಲ ಇದ್ದ ಊರು. ತಾಲ್ಲೂಕಿನ ಕಚೇರಿ ಜೋಯಿಡಾಕ್ಕೆ ಹೋಯಿತು, ಜನರಲ್ಲಿ ಬಹಳಷ್ಟು ಮಂದಿ ರಾಮನಗರಕ್ಕೆ ಹೋದರು. ಕೆಳಗೆ ಬೊಮ್ಮನಹಳ್ಳಿಯಿಂದ ನಾಗಝರಿಯ ವಿದ್ಯುತ್ ಮನೆ, ಇನ್ನೂ ಕೆಳಗೆ ಕೊಡಸಳ್ಳಿ, ಕದ್ರಾ, ಅವುಗಳ ನಡುವೆ ಕೈಗಾ ಅಣುಸ್ಥಾವರ: 184 ಕಿಲೋಮೀಟರ್ ಉದ್ದದ ಈ ನದಿಗೆ ಸಮುದ್ರ ಸೇರುವವರೆಗೆ ಬಿಡುವಿಲ್ಲ. ನಾನು ಲೆಕ್ಕ ಹಾಕಿ ನೋಡಿ ಬೆರಗಾದದ್ದು ಇಸವಿಗೆ. ಸೂಪಾ ಅಣೆಕಟ್ಟು ಪೂರ್ಣಗೊಂಡದ್ದು 1987ರಲ್ಲಿ, ಅಣಶಿ ಉದ್ಯಾನದ ಅಧಿಸೂಚನೆಯೂ 1987ರಲ್ಲಿ. ಒಂದೇ ವರ್ಷ ಒಂದೇ ತಾಲ್ಲೂಕಿನ ಒಂದು ಕಣಿವೆ ನೀರಿಗೆ ಹೋಯಿತು, ಇನ್ನೊಂದು ಕಣಿವೆ ಹುಲಿಗೆ ಉಳಿಯಿತು. ಆಗ ನಾನು ಹೊಸದಾಗಿ ನೌಕರಿಗೆ ಸೇರಿದ್ದೆ, ಧಾರವಾಡದ ಮನೆಯಲ್ಲಿ ಕೂತು ಎರಡೂ ಸುದ್ದಿಗಳನ್ನು ಪತ್ರಿಕೆಯಲ್ಲಿ ದಾಟಿಸಿಕೊಂಡು ಹೋಗಿರಬೇಕು.

ಮಾರ್ಗದರ್ಶಕರು ಇಲ್ಲಿ ಹೆಚ್ಚು ಮಾತಾಡಲಿಲ್ಲ. ಬೇಸಿಗೆಯಾದ್ದರಿಂದ ನೀರು ಇಳಿದು ದಂಡೆಯಲ್ಲಿ ಕೆಂಪು ಮಣ್ಣಿನ ಪಟ್ಟಿಯೊಂದು ಸುತ್ತಲೂ ಕಾಣುತ್ತಿತ್ತು, ಅದರೊಳಗಿಂದ ಎಲೆಯಿಲ್ಲದ ಬೂದುಬಣ್ಣದ ಬೊಡ್ಡೆಗಳು ಎದ್ದು ನಿಂತಿದ್ದವು. ಮೊಮ್ಮಗ ಅವುಗಳನ್ನು ಮೊಸಳೆಗಳೆಂದು ಎಣಿಸತೊಡಗಿದ. ಹತ್ತು ನಿಮಿಷಕ್ಕೆ ಹೊರಡೋಣವೆಂದು ಚಾಲಕ ಹಾರ್ನ್ ಹೊಡೆದದ್ದು ಈ ಪ್ರವಾಸದ ಅತಿ ದೊಡ್ಡ ಅಸಭ್ಯತೆ ಎಂದು ನಾನು ಸೇವೆಯವರಿಗೆ ಬರೆದು ತಿಳಿಸಿದ್ದೇನೆ.

ಜೋಯಿಡಾದಿಂದ ಕುಂಬಾರವಾಡ ದಾಟಿ ಅಣಶಿಯ ಕಡೆ ಇಳಿಯುವಾಗ ಕಾಡಿನ ಬಣ್ಣವೇ ಬದಲಾಗುತ್ತದೆ. ದಾಂಡೇಲಿಯ ಎಲೆ ಉದುರಿಸುವ ಮರಗಳು ಹಿಂದುಳಿದು, ಬೇಸಿಗೆಯಲ್ಲೂ ಹಸಿರಾಗಿರುವ, ಹಗಲಲ್ಲೂ ಮಬ್ಬಾಗಿರುವ ಕಾಡು ರಸ್ತೆಯ ಎರಡೂ ಬದಿಗೆ ಒತ್ತಿಕೊಂಡು ಬರುತ್ತದೆ. ಪಶ್ಚಿಮಕ್ಕೆ ಗೋವಾ, ಉತ್ತರಕ್ಕೆ ಬೆಳಗಾವಿಯ ಭೀಮಗಡದವರೆಗೆ ಈ ಕಾಡಿನ ನಂಟು ಹರಿಯದೆ ಉಳಿದಿರುವುದರಿಂದಲೇ ಹುಲಿಗೆ ಇಲ್ಲಿ ನೆಲೆ ಇದೆ. 1973ರಲ್ಲಿ ದೇಶದಲ್ಲಿ ಹುಲಿ ಯೋಜನೆ ಆರಂಭವಾದಾಗ ಕರ್ನಾಟಕದಿಂದ ಬಂಡೀಪುರ ಸೇರಿತು. ಈ ಕಡೆಯ ಕಾಡಿನ ಸರದಿ ಬರಲು ಮತ್ತೆ ಮೂವತ್ನಾಲ್ಕು ವರ್ಷ ಹಿಡಿಯಿತು.

ಉದ್ಯಾನದೊಳಗೆ ಇನ್ನೂ ಜನವಸತಿ ಇದೆಯೇ ಎಂಬ ಪ್ರಶ್ನೆಗೆ ಬೇರೆ ಪ್ರವಾಸಗಳಲ್ಲಿ ಸಿಗುವುದು ಮುಜುಗರದ ಮೌನ. ಇವರು ನೇರವಾಗಿ ಹೇಳಿದರು. ಸ್ವಇಚ್ಛೆಯಿಂದ ಹೊರಬರುವ ಕುಟುಂಬಕ್ಕೆ ಕೊಡುವ ಪರಿಹಾರ ಮೊದಲು ಹತ್ತು ಲಕ್ಷ ರೂಪಾಯಿ ಇತ್ತು, 2021ರಲ್ಲಿ ಹದಿನೈದು ಲಕ್ಷ ಆಯಿತು. 2006ರ ಅರಣ್ಯ ಹಕ್ಕು ಕಾಯ್ದೆಯ ಮೇಲೆ ಜನರ ಒಪ್ಪಿಗೆಯಿಲ್ಲದೆ ಎಬ್ಬಿಸುವಂತಿಲ್ಲ. "ನಮ್ಮ ತಂಗಿ ಮನಿಯವ್ರು ರೊಕ್ಕಾ ತಗೊಂಡು ಹೊರಗ ಬಂದ್ರು, ಹುಡುಗೂರ ಸಾಲಿ ಆತು, ದವಾಖಾನಿ ಹತ್ರ ಆತು. ನಾವು ಬಂದಿಲ್ರಿ. ಇಬ್ರದೂ ತಪ್ಪಿಲ್ಲ ಅಕ್ಕಾರ" ಎಂದು ಹೇಳಿ, ಕುಣಬಿಗಳು ಪರಿಶಿಷ್ಟ ಪಂಗಡದ ಮಾನ್ಯತೆಗಾಗಿ ಎಷ್ಟು ಕಾಲದಿಂದ ಕೇಳುತ್ತಿದ್ದಾರೆ ಎಂಬುದನ್ನೂ ತಿಳಿಸಿದರು. ಗಾಡಿಯಲ್ಲಿ ಹುಬ್ಬಳ್ಳಿಯ ಒಬ್ಬ ಯುವಕ, ಕಾಡಿನಲ್ಲಿ ಜನ ಇದ್ದರೆ ಹುಲಿ ಹೇಗೆ ಉಳಿಯುತ್ತದೆ ಎಂದು ಪಟ್ಟುಬಿಡದೆ ಕೇಳಿದ. ಮಾರ್ಗದರ್ಶಕರು ಅವನ ಮಾತನ್ನು ತಳ್ಳಿಹಾಕಲಿಲ್ಲ. ದನದ ಸಂಖ್ಯೆ, ಬೇಟೆ, ಬೆಂಕಿ ಇವೆಲ್ಲ ನಿಜವಾದ ತೊಂದರೆಗಳೇ ಎಂದು ಒಪ್ಪಿ, ರಸ್ತೆ, ವಿದ್ಯುತ್ ತಂತಿ, ಹಿನ್ನೀರು ಕೂಡ ಅದೇ ಪಟ್ಟಿಗೆ ಸೇರಬೇಕಲ್ಲವೇ ಎಂದು ಕೇಳಿದರು. ಇಂಥ ಸಂವಾದ ನಡೆಯುವ ಟಿಟಿ ಗಾಡಿ ಹುಬ್ಬಳ್ಳಿ-ಧಾರವಾಡದಲ್ಲಿ ಇನ್ನೊಂದಿದ್ದರೆ ನನಗೆ ತಿಳಿಸಿ, ಅದರಲ್ಲೂ ಹೋಗಿಬರುತ್ತೇನೆ.

ಒಟ್ಟಿನ ತೀರ್ಮಾನ ಕೇಳುವವರಿಗೆ: ದೋಣಿ, ಕುಣಿತ, ಹುಲಿ ಬೇಕೆಂದವರು ಈ ಸೇವೆಗೆ ಹೋಗಬಾರದು. ವಯಸ್ಸಾದವರು ಹೋಗಬಹುದು, ನಡಿಗೆ ಕಡಿಮೆ. ಆದರೆ ಟಿಟಿಯ ಹಿಂದಿನ ಸಾಲಿನ ಆಸನ ಅಣಶಿಯ ತಿರುವುಗಳಲ್ಲಿ ಸೊಂಟಕ್ಕೆ ಒಳ್ಳೆಯದಲ್ಲ. ಹೆಸರು ಬರೆಸುವಾಗ ಜೋಯಿಡಾದ ಮಾರ್ಗದರ್ಶಕರೇ ಬರುತ್ತಾರೆಯೇ ಎಂದು ಕೇಳಿ ಖಚಿತಪಡಿಸಿಕೊಳ್ಳಬೇಕು, ಏಕೆಂದರೆ 4,200 ರೂಪಾಯಿಯಲ್ಲಿ 3,000 ಅವರ ಮಾತಿಗೇ ಸಲ್ಲುತ್ತದೆ. ಅವರಿಲ್ಲದ ದಿನ ಕೈಯಲ್ಲಿ ಉಳಿಯುವುದು ಆ ಬಣ್ಣದ ಪತ್ರ ಮಾತ್ರ.

ಪತ್ರದ ತಪ್ಪುಗಳನ್ನು ಕೆಂಪು ಶಾಯಿಯಲ್ಲಿ ತಿದ್ದಿ, ಊರಿಗೆ ಬಂದ ವಾರದಲ್ಲೇ ಮಾಲಕರಿಗೆ ಕಳಿಸಿದೆ. ಅವರು ಫೋನ್ ಮಾಡಿ, ಬಹಳ ವಿನಯದಿಂದ ಮಾತಾಡಿ, ಹೊಸದಾಗಿ ಅಚ್ಚು ಹಾಕಿಸುವುದಾಗಿ ಹೇಳಿದರು. ಹೋದ ತಿಂಗಳು ಹೊಸ ಪತ್ರ ಅಂಚೆಯಲ್ಲಿ ಬಂತು. 1956 ಹೋಗಿ 1987 ಆಗಿದೆ, 815 ಹೋಗಿ 340 ಆಗಿದೆ, ಮೂರನೆಯ ಪುಟದಲ್ಲಿ ಬಿದಿರಿನ ಸಂಗತಿ ನಾಲ್ಕು ಸಾಲು ಸೇರಿದೆ. ಮೊದಲ ಪುಟದ ದಪ್ಪಕ್ಷರದ ಸಾಲು ಇದ್ದಲ್ಲೇ ಇದೆ. ಕೇಳಿದ್ದಕ್ಕೆ ಮಾಲಕರು, "ಅದೊಂದು ಇರ್ಲಿ ಬಿಡ್ರಿ ಅಕ್ಕಾರ, ಅದನ್ನ ಓದೇ ಮಂದಿ ಫೋನ್ ಮಾಡ್ತಾರ" ಎಂದರು.